ಬಂಡೆ ನೆಲವೆಂದು ಕಂಬಿ ಉಳಿಸಬೇಡ

ನೋಡಪ್ಪ, ಮಾಲೂರಿನ ಸೈಟು ರಿಜಿಸ್ಟರ್ ಆಯಿತು, ಬ್ಯಾಂಕಿನ ಸಾಲವೂ ಮಂಜೂರಾಯಿತು, ಗುದ್ದಲಿ ಪೂಜೆ ಒಂದು ಬಾಕಿ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಸಂತೋಷವಾಯಿತು. ವಾಸ್ತು ಹೇಳುವವರು, ಟೈಲ್ಸ್ ತೋರಿಸುವವರು, ಬಣ್ಣ ಆರಿಸಿಕೊಡುವವರು ನಿನಗೆ ಬೇಕಾದಷ್ಟು ಸಿಗುತ್ತಾರೆ. ಪಾಯದ ಕೆಳಗಿರುವ ನೆಲದ ಬಗ್ಗೆ ಹೇಳುವವರು ಕಡಿಮೆ. ಆ ಕೆಲಸ ದೊಡ್ಡಪ್ಪನದಾಗಲಿ.

ನಿನ್ನ ಮೇಸ್ತ್ರಿ ಒಂದಲ್ಲ ಒಂದು ದಿನ ಈ ಮಾತು ಹೇಳಿಯೇ ಹೇಳುತ್ತಾನೆ: "ಸಾರ್, ನಮ್ಮ ಕೋಲಾರ ಜಿಲ್ಲೆ ಪೂರಾ ಬಂಡೆ. ಇಲ್ಲೆಲ್ಲಿಂದ ಬರುತ್ತೆ ಭೂಕಂಪ? ಇಷ್ಟೊಂದು ಕಂಬಿ ಸುಮ್ಮನೆ ದಂಡ." ಅವನ ಮಾತಿನಲ್ಲಿ ಮುಕ್ಕಾಲು ಪಾಲು ಸತ್ಯವಿದೆ. ಜೀವಕ್ಕೆ ಎರವಾಗುವುದು ಉಳಿದ ಕಾಲು ಪಾಲು. ಎರಡನ್ನೂ ಬಿಡಿಸಿ ಹೇಳುತ್ತೇನೆ, ಆಮೇಲೆ ನೀನೇ ಲೆಕ್ಕ ಹಾಕು.

ಮೊದಲು ಸತ್ಯದ ಪಾಲು. ಪಾಯಕ್ಕೆ ಸೈಜುಗಲ್ಲಿನ ಲೋಡು ಬಂದಾಗ ಒಡೆದ ಮುಖವಿರುವ ಒಂದು ಕಲ್ಲನ್ನು ನೀರು ಹಾಕಿ ತೊಳೆದು ನೋಡು. ಬಿಳಿ ಪಟ್ಟೆ, ಕರಿ ಪಟ್ಟೆ ಒಂದರ ಪಕ್ಕ ಒಂದು ಇರುತ್ತವೆ. ಕೆಲವು ಕಲ್ಲುಗಳಲ್ಲಿ ಆ ಪಟ್ಟೆಗಳು ಬಾಗಿ, ಮಡಚಿ, ತಮ್ಮ ಮೇಲೆ ತಾವೇ ಹೊರಳಿರುತ್ತವೆ. ಸುತ್ತಿಗೆಗೂ ಜಗ್ಗದ ಕಲ್ಲು ಹಾಗೆ ಬಾಗಬೇಕಾದರೆ ಅದು ಹಿಂದೊಮ್ಮೆ ನೆಲದಡಿ ಹಲವು ಕಿಲೋಮೀಟರ್ ಆಳದಲ್ಲಿ ಕಾದು ಮೆತ್ತಗಾಗಿ, ಭಾರಿ ಒತ್ತಡ ತಿಂದಿರಬೇಕು. ಇದಕ್ಕೆ ನೈಸ್ ಶಿಲೆ ಎನ್ನುತ್ತಾರೆ. ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ಜಾತಿ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿಕೊಂಡು ಬಂದಿದ್ದಾರೆ. ಕೋಲಾರದ ಅಂತರಗಂಗೆ ಬೆಟ್ಟ, ಮುಳಬಾಗಿಲಿನ ಆವಣಿ ಬೆಟ್ಟ, ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಎದ್ದು ನಿಂತ ಬೋಳು ಗುಂಡುಗಳು, ಇವೆಲ್ಲ ಭೂಮಿಯ ಬಹಳ ಹಳೆಯ ನೆಲಕ್ಕೆ ಸೇರಿದವು. ಹಿಮಾಲಯ ಇವುಗಳ ಮುಂದೆ ನಿನ್ನೆ ಮೊನ್ನೆಯದು.

ಕೆಜಿಎಫ್ ಸೀಮೆಗೆ ಹೋದರೆ ಕಲ್ಲಿನ ಬಣ್ಣವೇ ಬದಲು. ಕೆಲವೇ ಕಿಲೋಮೀಟರ್ ಅಗಲದ, ಉತ್ತರದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್ ಉದ್ದದ ಒಂದು ಕಪ್ಪು ಕಲ್ಲಿನ ಪಟ್ಟಿ ಅಲ್ಲಿ ಹಾದುಹೋಗುತ್ತದೆ. ಅದು ಸುಮಾರು 270 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ. ಅದರಲ್ಲಿ ಕೊಮಾಟಿಯೈಟ್ ಜಾತಿಯ ಲಾವಾ ಕೂಡ ಇದೆ. ಅಷ್ಟು ಬಿಸಿಯ ಲಾವಾ ಈಗ ಭೂಮಿಯ ಮೇಲೆ ಎಲ್ಲೂ ಉಕ್ಕುವುದಿಲ್ಲ. ಭೂಮಿಯ ಒಡಲು ಆಗ ಇನ್ನೂ ಹೆಚ್ಚು ಕಾದಿತ್ತು. ಕೆಜಿಎಫ್ ಪಕ್ಕದ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಸಿಡಿದು ಎಸೆದ ಕಲ್ಲಿನ ಚೂರುಗಳು ಬೂದಿಯೊಡನೆ ಬೆರೆತು ಗಟ್ಟಿಯಾದ ಬಂಡೆ ಇದೆ. ಅದೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ದಪ್ಪ, ಸಣ್ಣ, ಮೊನಚು, ದುಂಡು, ಎಲ್ಲ ಬಗೆಯ ತುಂಡುಗಳು ಒಂದೇ ಬಂಡೆಯಲ್ಲಿ ಹುದುಗಿ ಕೂತಿವೆ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸು.

ಈ ಪಟ್ಟಿಯ ಎರಡು ಬದಿಯ ಕಲ್ಲುಗಳನ್ನು ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದ ವಿ. ರಾಜಮಣಿ, ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಗಿಲ್ಬರ್ಟ್ ಹ್ಯಾನ್ಸನ್ ಮತ್ತು ಅವರ ಸಂಗಡಿಗರು ವರ್ಷಗಟ್ಟಲೆ ಪರೀಕ್ಷಿಸಿದರು. ಪಡುವಣ ಬದಿಯ ಕಲ್ಲಿನಲ್ಲಿ 320 ಕೋಟಿ ವರ್ಷಕ್ಕೂ ಹಿಂದಿನ ಹಳೆಯ ನೆಲದ ಸುಳಿವು ಸಿಕ್ಕಿತು. ಮೂಡಣ ಬದಿಯದು ಸುಮಾರು 253 ಕೋಟಿ ವರ್ಷದ್ದು, ಅದರಲ್ಲಿ ಆ ಸುಳಿವೇ ಇಲ್ಲ. ಅಂದರೆ ಈಗ ಒಂದೇ ಬಸ್ಸಿನಲ್ಲಿ ದಾಟಿಬಿಡುವ ಈ ಎರಡು ನೆಲಗಳು ಹುಟ್ಟಿದ್ದು ಬೇರೆ ಬೇರೆ ಕಡೆ, ಬೆಳೆದದ್ದೂ ಬೇರೆ ಬೇರೆ. ನಡುವಿದ್ದ ಸಮುದ್ರದ ತಳ ಒಳಗೆ ಸರಿದು ಮುಚ್ಚಿಹೋಯಿತು, ಎರಡು ನೆಲ ಒಂದಕ್ಕೊಂದು ಒತ್ತಿ ಕೂಡಿಕೊಂಡವು, ಕೋಲಾರದ ಕಪ್ಪು ಪಟ್ಟಿ ಆ ಹೊಲಿಗೆಯ ಗುರುತು ಎಂದು ಅವರು 1989ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. 250 ಕೋಟಿ ವರ್ಷದ ಹಿಂದೆಯೇ ಭೂಫಲಕಗಳು ಚಲಿಸುತ್ತಿದ್ದವು ಎನ್ನಲು ನಮ್ಮ ಕೋಲಾರ ಸಾಕ್ಷಿಯಾಯಿತು. ಒಪ್ಪದ ವಿಜ್ಞಾನಿಗಳೂ ಇದ್ದಾರೆ, ವಾದ ಇನ್ನೂ ನಡೆದಿದೆ. ಆದರೆ ಆ ಒತ್ತಡದ ಕಾಲದಲ್ಲಿ ಬಿರುಕುಗಳಿಗೆ ಬಿಸಿನೀರು ನುಗ್ಗಿ ಬೆಣಚುಕಲ್ಲಿನ ಜೊತೆ ಚಿನ್ನವನ್ನೂ ಇಳಿಸಿಹೋಯಿತು. ನಮ್ಮವರು ನೂರಿಪ್ಪತ್ತು ವರ್ಷ ಅಗೆದದ್ದು ಅದನ್ನೇ.

ಭೂಫಲಕಗಳ ಆ ಚಲನೆ ಇವತ್ತಿಗೂ ಸಮುದ್ರದಡಿ ನಡೆಯುತ್ತಲೇ ಇದೆ. ಮಂಗಳೂರಿನಿಂದ ಪಡುವಣಕ್ಕೆ ಬಹುದೂರ ಹೋದರೆ, ಅರಬ್ಬಿ ಸಮುದ್ರದಡಿ ಕಾರ್ಲ್ಸ್‌ಬರ್ಗ್ ಏಣು ಎಂಬ ಬೆಟ್ಟಸಾಲು ಸಿಗುತ್ತದೆ. 1962ರಲ್ಲಿ ಬ್ರಿಟನ್ನಿನ ಡ್ರಮಂಡ್ ಮ್ಯಾಥ್ಯೂಸ್ ಹಡಗಿನಲ್ಲಿ ಹೋಗಿ ಅಲ್ಲಿನ ತಳದ ಕಲ್ಲಿನ ಅಯಸ್ಕಾಂತ ಗುಣವನ್ನು ಅಳೆದರು. ಲಾವಾ ಆರುವಾಗ ಆ ಹೊತ್ತಿಗೆ ಭೂಮಿಯ ಅಯಸ್ಕಾಂತ ಯಾವ ದಿಕ್ಕಿಗಿತ್ತೋ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ದಿಕ್ಕು ಲಕ್ಷಾಂತರ ವರ್ಷಕ್ಕೊಮ್ಮೆ ತಿರುಗುಮುರುಗಾಗುತ್ತದೆ. ಏಣಿನಲ್ಲಿ ಹೊಸ ಲಾವಾ ಮೇಲೆ ಬಂದು ಆರಿ, ಎರಡೂ ಬದಿಗೆ ಸರಿಯುತ್ತ ಹೋಗುವುದಾದರೆ, ತಳದ ತುಂಬ ನೇರ ಮತ್ತು ತಿರುಗಿದ ಪಟ್ಟೆಗಳು ಒಂದಾದ ಮೇಲೊಂದು ಸಿಗಬೇಕು ಎಂದು ಮ್ಯಾಥ್ಯೂಸ್ ಮತ್ತು ಅವರ ಶಿಷ್ಯ ಫ್ರೆಡ್ ವೈನ್ 1963ರಲ್ಲಿ ಬರೆದರು. ಸಿಕ್ಕಿದ್ದೂ ಹಾಗೆಯೇ. ಸಮುದ್ರದ ತಳ ಹುಟ್ಟುತ್ತಲೇ ಇರುತ್ತದೆ, ಹರಡುತ್ತಲೇ ಇರುತ್ತದೆ ಎಂಬ ಮಾತಿಗೆ ಬಲವಾದ ಪುರಾವೆ ಹೀಗೆ ನಮ್ಮ ಕಡಲಿನಿಂದ ಬಂತು.

ಹುಟ್ಟಿದ್ದು ಎಲ್ಲಾದರೂ ಮುಗಿಯಬೇಕಲ್ಲ? ಸುಮಾತ್ರಾದ ಪಕ್ಕದ ಆಳ ಕಂದರದಲ್ಲಿ ಹಿಂದೂ ಮಹಾಸಾಗರದ ತಳ ಒಳಗೆ ನುಗ್ಗಿ ಮುಳುಗುತ್ತದೆ. ಇದರಿಂದಲೇ ಮಹಾಸಾಗರಗಳ ತಳ ಸಾಮಾನ್ಯವಾಗಿ 18–20 ಕೋಟಿ ವರ್ಷಕ್ಕಿಂತ ಹಳೆಯದಾಗಿ ಉಳಿಯುವುದಿಲ್ಲ. ಕೋಲಾರದ ಲಾವಾ 270 ಕೋಟಿ ವರ್ಷ ಉಳಿದದ್ದು ನೆಲದ ನಡುವೆ ಸಿಕ್ಕಿಬಿದ್ದದ್ದರಿಂದ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಆ ಅಂಚು ಸಾವಿರ ಕಿಲೋಮೀಟರಿಗೂ ಉದ್ದಕ್ಕೆ ಜಾರಿತು, ತಳ ಮೇಲೆದ್ದಿತು, ಅದು ಎಬ್ಬಿಸಿದ ನೀರು ನಾಗಪಟ್ಟಿಣದವರೆಗೆ ಬಂದು ಸಾವಿರಾರು ಜನರನ್ನು ಕೊಂದಿತು. ನಾವು ಕಡಲಿನಿಂದ ದೂರ, ಸಮುದ್ರಮಟ್ಟದಿಂದ ಎಂಟುನೂರು ಮೀಟರಿನ ಆಸುಪಾಸಿನಲ್ಲಿ ಇದ್ದೇವೆ. ಸುನಾಮಿಯ ಚಿಂತೆ ನಿನಗೆ ಬೇಡ.

ಚಲಿಸುವುದು ಸಮುದ್ರದ ತಳ ಒಂದೇ ಅಲ್ಲ, ನಾವೂ ಚಲಿಸುತ್ತಿದ್ದೇವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವರ್ಷಗಳಿಂದ ಇರುವ ಜಿಪಿಎಸ್ ಕೇಂದ್ರದ ಅಳತೆಯಂತೆ ಈ ಭಾಗದ ನೆಲ ವರ್ಷಕ್ಕೆ ಐದು ಸೆಂಟಿಮೀಟರಿಗಿಂತ ತುಸು ಹೆಚ್ಚು ಈಶಾನ್ಯದ ಕಡೆ ಸರಿಯುತ್ತಿದೆ. ನೀನು ಹುಟ್ಟಿ ಮೂವತ್ತು ವರ್ಷವಾಯಿತಲ್ಲ, ಅಷ್ಟರಲ್ಲಿ ಕೋಲಾರ ಒಂದೂವರೆ ಮೀಟರ್ ಮುಂದೆ ಹೋಗಿದೆ. ಬೆಂಗಳೂರು, ಮಾಲೂರು, ಮದರಾಸು ಎಲ್ಲವೂ ಒಟ್ಟಿಗೇ ಹೋಗುವುದರಿಂದ ನಮಗೆ ಗೊತ್ತಾಗುವುದಿಲ್ಲ. ಗುದ್ದಾಟವೆಲ್ಲ ನಮ್ಮ ಫಲಕದ ಅಂಚಿನಲ್ಲಿ, ಹಿಮಾಲಯದಲ್ಲಿ. ದೊಡ್ಡ ಭೂಕಂಪಗಳು ಅಲ್ಲಿ ಮೇಲಿಂದ ಮೇಲೆ ಬರುವುದೂ, ಇಲ್ಲಿ ಅಪರೂಪವಾಗಿರುವುದೂ ಇದಕ್ಕೇ. 2002ರ ಭೂಕಂಪ ವಲಯ ನಕ್ಷೆ ಕೋಲಾರವನ್ನು ಎರಡನೇ ವಲಯದಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಗುಂಪಿನಲ್ಲಿ ಇಟ್ಟಿತು. ಮೇಸ್ತ್ರಿ ಹೇಳಿದ ಮುಕ್ಕಾಲು ಪಾಲು ಇಷ್ಟು.

ಈಗ ಆ ಕಾಲು ಪಾಲಿಗೆ ಬರೋಣ.

ಅಂಚಿನ ಗುದ್ದಾಟದ ಒತ್ತಡ ಅಂಚಿನಲ್ಲೇ ನಿಲ್ಲುವುದಿಲ್ಲ. ಒಳನಾಡಿನ ಹಳೆಯ ಬಿರುಕುಗಳ ಮೇಲೂ ಬೀಳುತ್ತದೆ. 1967ರವರೆಗೆ ಮಹಾರಾಷ್ಟ್ರದ ಕೊಯ್ನಾ ಸೀಮೆಯನ್ನೂ ಕದಲದ ನೆಲವೆಂದೇ ನಂಬಿದ್ದರು. ಆ ಡಿಸೆಂಬರಿನಲ್ಲಿ 6.3ರ ಭೂಕಂಪ ಬಂತು. 1993ರ ಸೆಪ್ಟೆಂಬರ್ 30ರಂದು ಲಾತೂರಿನ ಕಿಲ್ಲಾರಿ. ಗಣೇಶನ ವಿಸರ್ಜನೆ ಮುಗಿಸಿ ದಣಿದು ಮಲಗಿದ್ದ ಊರುಗಳು ಬೆಳಗಿನ ಜಾವ ನಾಲ್ಕಕ್ಕೆ ಮೊದಲೇ ಮಣ್ಣಾದವು. ತೀವ್ರತೆ 6.2, ಸತ್ತವರು ಸುಮಾರು ಹತ್ತು ಸಾವಿರ. ಆಗಿನ ನಕ್ಷೆಯಲ್ಲಿ ಲಾತೂರು ಇದ್ದದ್ದು ಒಂದನೇ ವಲಯದಲ್ಲಿ, ನಾವು ಈಗ ಇರುವುದಕ್ಕಿಂತಲೂ ಸುರಕ್ಷಿತವೆಂದು ಗುರುತಿಸಿದ ವಲಯದಲ್ಲಿ. 2002ರಲ್ಲಿ ಆ ಒಂದನೇ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

ಅಷ್ಟು ಜನ ಸತ್ತದ್ದು ಹೇಗೆ ಎಂದು ತಿಳಿದುಕೊಳ್ಳಬೇಕು. ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮರದ ತೊಲೆ, ಅದರ ಮೇಲೆ ಅಡಿಗಟ್ಟಲೆ ಮಣ್ಣು. ನೆಲ ಅಲುಗಿದಾಗ ಗೋಡೆಯ ಒಳಮುಖ ಒಂದು ಕಡೆ, ಹೊರಮುಖ ಇನ್ನೊಂದು ಕಡೆ ಬಿಚ್ಚಿಕೊಂಡವು, ಮೇಲಿನ ಭಾರ ಮಲಗಿದ್ದವರ ಮೇಲೆ ಕೂತಿತು. ನಮ್ಮ ಕಡೆಯ ಹಳೆಯ ಕಲ್ಲುಗೋಡೆ, ಕಲ್ಲು ಚಪ್ಪಡಿಯ ಮಾಳಿಗೆ ಮನೆಗಳನ್ನು ಒಮ್ಮೆ ನೆನಪು ಮಾಡಿಕೋ. ಗಾರೆಯಿಲ್ಲದೆ ಮಣ್ಣಿನಲ್ಲಿ ಕಟ್ಟಿದ ಮನೆಗಳು ಜಿಲ್ಲೆಯ ಆರೂ ತಾಲ್ಲೂಕುಗಳಲ್ಲಿ ಇನ್ನೂ ಇವೆ.

ನಮ್ಮ ನೆರೆಯಲ್ಲೂ ನೆಲ ಕದಲದೆ ಇಲ್ಲ. 1900ರ ಫೆಬ್ರವರಿ 8ರಂದು ಕೊಯಮತ್ತೂರಿನ ಬಳಿ ಸುಮಾರು 6ರ ತೀವ್ರತೆಯ ಭೂಕಂಪ ಆಗಿ ಮೈಸೂರು ಸೀಮೆಯವರೆಗೆ ಗೊತ್ತಾಯಿತು. 1984ರ ಮಾರ್ಚ್ 20ರಂದು ಕರ್ನಾಟಕ–ತಮಿಳುನಾಡು ಗಡಿಯಲ್ಲಿ, ನಿನ್ನ ಮಾಲೂರಿನಿಂದ ಬಹಳ ದೂರವಲ್ಲದ ಕಡೆ, 4.5ರ ಆಸುಪಾಸಿನದು ಬಂತು. 2012ರ ಏಪ್ರಿಲ್ 11ರಂದು ಸುಮಾತ್ರಾದ ಆಚೆ ಸಾಗರದ ತಳವೇ ಅಡ್ಡಡ್ಡ ಸೀಳಿ 8.6ರದು ಬಂದಾಗ ಬೆಂಗಳೂರಿನಲ್ಲಿ ಆಫೀಸಿನವರು ಮೆಟ್ಟಿಲಿಳಿದು ರಸ್ತೆಗೆ ಬಂದರು. ಅದು ಫಲಕದ ಅಂಚಿನಲ್ಲಿ ಆದದ್ದಲ್ಲ, ಒಳಗೇ ಆದದ್ದು. ಮತ್ತೊಂದು ಮಾತು: ಗಟ್ಟಿ ಬಂಡೆಯ ನೆಲ ಕಂಪನವನ್ನು ಬೇಗ ನುಂಗಿಬಿಡುವುದಿಲ್ಲ, ದೂರದವರೆಗೆ ಸಾಗಿಸುತ್ತದೆ. 1965ರಲ್ಲಿ ಭೂಕಂಪ ಮತ್ತು ಪರಮಾಣು ಸ್ಫೋಟಗಳ ಸದ್ದು ಹಿಡಿಯುವ ಉಪಕರಣಗಳ ಸಾಲನ್ನು ನಮ್ಮ ಪರಮಾಣು ಇಲಾಖೆ ಬ್ರಿಟನ್ನಿನ ನೆರವಿನಿಂದ ಗೌರಿಬಿದನೂರಿನಲ್ಲಿ ಹೂಡಿತು. ಆಗ ಅದು ನಮ್ಮ ಕೋಲಾರ ಜಿಲ್ಲೆಯೇ. ಗದ್ದಲವಿಲ್ಲದ ಗಟ್ಟಿ ನೆಲ ದೂರದ ಸದ್ದು ಕೇಳಲು ಚೆನ್ನ.

ಗಟ್ಟಿ ನೆಲವೂ ಅಲುಗುತ್ತದೆ ಎಂದು ಕೆಜಿಎಫ್‌ನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಆಳದಲ್ಲಿ ಅದಿರು ತೆಗೆದ ಕಡೆ ಪೊಳ್ಳಾಗುತ್ತದೆ, ಸುತ್ತಲಿನ ಕಲ್ಲಿನ ಮೇಲೆ ಒತ್ತಡ ಏರುತ್ತ ಹೋಗುತ್ತದೆ, ತಡೆಯದ ಗಳಿಗೆಯಲ್ಲಿ ಕಲ್ಲು ಸಿಡಿಯುತ್ತದೆ. ರಾಕ್ ಬರ್ಸ್ಟ್ ಎನ್ನುವುದು ಅದಕ್ಕೆ. ಹಳಬರು ಏರ್ ಬ್ಲಾಸ್ಟ್ ಎನ್ನುತ್ತಿದ್ದರು. ಎಷ್ಟೋ ಕಾರ್ಮಿಕರ ಜೀವ ಅದಕ್ಕೆ ಹೋಯಿತು. ದೊಡ್ಡವು ಆದಾಗ ಮೇಲಿನ ಮನೆಗಳೂ ಬಿರುಕು ಬಿಡುತ್ತಿದ್ದವು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆಯನ್ನು ಅಲ್ಲಿಯೇ ತೆರೆದದ್ದು ಸುಮ್ಮನೆ ಅಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೂ ನೀರು ತುಂಬಿದ ಆ ಸುರಂಗಗಳ ಸುತ್ತ ಕಂಪನ ದಾಖಲಾಗಿದೆ.

ಚಿಕ್ಕಬಳ್ಳಾಪುರದ ಗಲಾಟೆ ನಿನಗೆ ನೆನಪಿರಬೇಕು. 2021ರ ನವೆಂಬರಿನಲ್ಲಿ ಬಿಟ್ಟೂಬಿಡದೆ ಮಳೆ ಹೊಯ್ದು ಬತ್ತಿದ ಬೋರ್‌ವೆಲ್‌ಗಳಲ್ಲಿ ನೀರು ತಾನಾಗಿ ಉಕ್ಕಿತು. ಡಿಸೆಂಬರ್ 22ರ ಬೆಳಿಗ್ಗೆ ಐದೇ ನಿಮಿಷದ ಅಂತರದಲ್ಲಿ 2.9 ಮತ್ತು 3ರ ಎರಡು ಕಂಪನ. ಆಳದ ಬಿರುಕಿಗೆ ನೀರು ಇಳಿದು ಒತ್ತಡ ಹೊಂದಿಕೊಳ್ಳುವಾಗ ಹೀಗಾಗುತ್ತದೆ ಎಂದು ತಜ್ಞರು ಹೇಳಿದರು. ಜನ ಮಾತ್ರ ಚಳಿಯಲ್ಲಿ ಹೊರಗೆ ಕೂತರು. ಅಳತೆ ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ತೀವ್ರತೆಯಲ್ಲಿ ಒಂದು ಅಂಕ ಏರಿದರೆ ಹೊರಬೀಳುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 3ರಿಂದ 6ಕ್ಕೆ ಹೋದರೆ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ಚಿಕ್ಕಬಳ್ಳಾಪುರದ್ದು ಪಾತ್ರೆ ಅಲುಗಿಸುವ ಬಗೆಯದು.

ಹಾಗಂತ ಸಣ್ಣದು ಬಂದು ಹೋದಮೇಲೆ ದೊಡ್ಡದು ಬರುವುದೇ ಇಲ್ಲ ಎಂದೂ ಹೇಳಲಾಗದು. ಕಿಲ್ಲಾರಿಯಲ್ಲಿ ಹಿಂದಿನ ವರ್ಷವೇ ಸಣ್ಣ ಸಣ್ಣವು ಬಂದಿದ್ದವು. ಬೇರೆ ನೂರಾರು ಕಡೆ ಸಣ್ಣವು ಬಂದು ಸುಮ್ಮನಾಗಿವೆ. ಇಂಥ ದಿನ, ಇಂಥ ಗಂಟೆಗೆ ಎಂದು ಮೊದಲೇ ಹೇಳುವ ವಿದ್ಯೆ ಲೋಕದಲ್ಲಿ ಯಾರ ಕೈಗೂ ಬಂದಿಲ್ಲ. ಆದ್ದರಿಂದ "ಇವತ್ತು ರಾತ್ರಿ ಭೂಕಂಪ, ಮನೆಯಲ್ಲಿ ಮಲಗಬೇಡಿ" ಎಂಬ ವಾಟ್ಸಾಪ್ ಸಂದೇಶ ಬಂದರೆ ಅಳಿಸಿಹಾಕು, ಮುಂದಕ್ಕೆ ಕಳಿಸಬೇಡ. ನಿಜ ಬೇಕಾದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಏನು ಹೇಳಿದೆ ನೋಡು. ಹೇಳಲಾಗದ್ದರ ಎದುರು ನಮಗಿರುವುದು ಒಂದೇ ದಾರಿ, ಯಾವತ್ತು ಬಂದರೂ ತಡೆಯುವ ಹಾಗೆ ಕಟ್ಟುವುದು. ಅದಕ್ಕೇ ಇಷ್ಟು ದೂರ ಬಂದೆ.

ಮೊದಲು ಸೈಟು. ಜಿಲ್ಲೆ ಬಂಡೆಯಾದರೂ ನಿನ್ನ ಮೂವತ್ತು–ನಲವತ್ತರ ಸೈಟೂ ಬಂಡೆಯೇ ಎಂದು ಯಾರು ಹೇಳಿದರು? ಹಳೆಯ ಕೆರೆಯಂಗಳ, ರಾಜಕಾಲುವೆಯ ಬದಿ, ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿ ಮುಚ್ಚಿ ಮಾಡಿದ ಲೇಔಟು ಇರಬಹುದು. ಮೆತ್ತನೆ ಮಣ್ಣು ಕಂಪನವನ್ನು ಹೆಚ್ಚಿಸುತ್ತದೆ. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಅಪಾರ್ಟ್‌ಮೆಂಟುಗಳು ಕುಸಿದವು. ನದಿ ತಂದು ಹಾಕಿದ ಮಣ್ಣು ಒಂದು ಕಾರಣ. ಕೆಳಗೆ ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ಪಾರ್ಕಿಂಗ್ ಬಿಟ್ಟಿದ್ದು ಇನ್ನೊಂದು. ಗ್ರಾಮನಕ್ಷೆ ತೆಗೆಸು, ಊರಿನ ಹಿರಿಯರನ್ನು ಕೇಳು. ಪಾಯವನ್ನು ತುಂಬಿಸಿದ ಮಣ್ಣಿನ ಮೇಲೆ ಕೂರಿಸದೆ ಮೂಲ ಗಟ್ಟಿ ನೆಲ ಸಿಗುವವರೆಗೆ ತೋಡಿಸು. ಕಾರಿಗೆ ಜಾಗ ಬೇಕೆಂದು ಕೆಳಗಿನ ಮಹಡಿಯನ್ನು ಪೂರ್ತಿ ಬೋಳು ಬಿಡಬೇಡ, ಒಂದೆರಡು ಕಡೆಯಾದರೂ ಪಾಯದಿಂದ ಮೇಲಿನವರೆಗೆ ಗೋಡೆ ಏರಲಿ. ಎಲ್ಲಿ ಎಂಬುದನ್ನು ಸ್ಟ್ರಕ್ಚರಲ್ ಇಂಜಿನಿಯರ್ ಹೇಳಲಿ. ಅವರ ಫೀಸು ನಿನ್ನ ಬಾಗಿಲಿನ ತೇಗಕ್ಕಿಂತ ಕಡಿಮೆಯೇ ಆದೀತು.

ಮಾಲೂರಿನಲ್ಲಿದ್ದು ಇಟ್ಟಿಗೆಗೆ ಪರದಾಡುವ ಹಾಗಿಲ್ಲ. ಆದರೆ ಒಣ ಇಟ್ಟಿಗೆ ಇಡಲು ಬಿಡಬೇಡ. ಅದು ಗಾರೆಯ ನೀರು ಹೀರಿಕೊಂಡು ಹಿಡಿತ ಕೆಡಿಸುತ್ತದೆ, ನೆನೆಸಿಯೇ ಇಡಬೇಕು. ಲಿಂಟಲ್ಲನ್ನು ಕಿಟಕಿ ಬಾಗಿಲಿನ ಮೇಲೆ ಮಾತ್ರ ಹಾಕಿ ನಿಲ್ಲಿಸದೆ ಎಲ್ಲ ಗೋಡೆಗಳ ಸುತ್ತ ಒಂದೇ ಪಟ್ಟಿಯಾಗಿ ಓಡಿಸು. ನಾಲ್ಕು ಗೋಡೆ ಒಟ್ಟಿಗೆ ಅಲುಗಿದರೆ ನಿಲ್ಲುತ್ತವೆ. ಒಂದೊಂದೇ ಅಲುಗಿದರೆ ಮೂಲೆಯಲ್ಲಿ ಸೀಳುತ್ತವೆ.

ಊರಿನ ಹಳೆಯ ಮನೆಯನ್ನೂ ಮರೆಯಬೇಡ. ಮಾಳಿಗೆಯ ಮೇಲೆ ವರ್ಷವರ್ಷ ಹಾಕಿದ ಹೆಚ್ಚಿನ ಮಣ್ಣು ಇಳಿಸು. ಉಬ್ಬಿದ ಗೋಡೆ ಇದ್ದರೆ ಬಿಚ್ಚಿ, ಎರಡೂ ಮುಖ ಮುಟ್ಟುವ ಉದ್ದ ಕಲ್ಲುಗಳನ್ನು ನಡುನಡುವೆ ಕೊಟ್ಟು ಸಿಮೆಂಟಿನಲ್ಲಿ ಕಟ್ಟಿಸು. ಮಂಚದ ತಲೆಯ ಮೇಲಿನ ಅಟ್ಟದಿಂದ ಹಿತ್ತಾಳೆ ಹಂಡೆ ಇಳಿಸಲಿ ಎಂದು ನಿಮ್ಮಜ್ಜಿಗೆ ಹೇಳು, ನಾನು ಹೇಳಿದರೆ ಕೇಳುವುದಿಲ್ಲ.

ನೆಲ ಅಲುಗಿದಾಗ ಕಾಂಕ್ರೀಟ್ ಮನೆಯಲ್ಲಿದ್ದರೆ ಗಟ್ಟಿ ಮೇಜಿನ ಕೆಳಗೆ ಕೂತು, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೋ. ಮೆಟ್ಟಿಲಿಗೆ ಓಡಬೇಡ, ಲಿಫ್ಟು ಬೇಡ. ಮಣ್ಣು–ಕಲ್ಲಿನ ಮನೆಯಲ್ಲಿ ಬಾಗಿಲು ನಾಲ್ಕು ಹೆಜ್ಜೆಯಲ್ಲಿದ್ದರೆ ಬಯಲಿಗೆ ಹೋಗು, ಗೋಡೆಯ ಪಕ್ಕ ನಿಲ್ಲಬೇಡ. ಅಲುಗಾಟ ನಿಂತಮೇಲೆ ಗ್ಯಾಸ್ ಆರಿಸು, ಮೇನ್ ಸ್ವಿಚ್ ತೆಗೆ.

ಕೊನೆಯದು ಕಾಲಮ್ಮಿನ ರಿಂಗು. ಕಂಬಿ ಕಟ್ಟುವ ದಿನ ರಜೆ ಹಾಕಿ ಸೈಟಿನಲ್ಲಿರು. ನಿಂತ ಕಂಬಿಗಳ ಸುತ್ತ ಚೌಕದ ರಿಂಗು ಹಾಕುತ್ತಾರಲ್ಲ, ಅದರ ಎರಡು ತುದಿ ಸೇರುವ ಮೂಲೆ ನೋಡು. ಸಾಮಾನ್ಯವಾಗಿ 90 ಡಿಗ್ರಿಗೆ ಮಡಚಿ ಕೈಬಿಡುತ್ತಾರೆ. ಅಲುಗಾಟದಲ್ಲಿ ಹೊರಗಿನ ಕಾಂಕ್ರೀಟು ಉದುರಿದ ಕೂಡಲೇ ಆ ಕೊಕ್ಕೆ ಬಿಚ್ಚಿಕೊಳ್ಳುತ್ತದೆ, ಒಳಗಿನ ಕಂಬಿ ಹೊರಕ್ಕೆ ಬಾಗಿ ಕಾಲಮ್ಮು ಕೂರುತ್ತದೆ. ಆ ತುದಿ 135 ಡಿಗ್ರಿ ತಿರುಗಿ ಕಾಲಮ್ಮಿನ ಒಳಗೆ ಹೊಕ್ಕಿರಬೇಕು. ಬೀಮು ಸೇರುವ ಕಡೆ ಮೇಲೂ ಕೆಳಗೂ ರಿಂಗುಗಳ ನಡುವೆ ನಾಲ್ಕು ಇಂಚಿಗಿಂತ ಹೆಚ್ಚು ಬಿಡಬಾರದು. ಇದು ಹೆಚ್ಚು ಅಪಾಯದ ವಲಯಗಳಿಗೆಂದು ಬರೆದ ನಿಯಮ, ನಮ್ಮ ಕಡೆ ಕೇಳುವವರಿಲ್ಲ, ಮೇಸ್ತ್ರಿ ಗೊಣಗುತ್ತಾನೆ. ಇಡೀ ಮನೆಗೆ ಲೆಕ್ಕ ಹಾಕಿದರೆ ಹೆಚ್ಚುವರಿ ಕಂಬಿಗೆ ಆಗುವ ಖರ್ಚು ಹಾಲ್‌ನ ಫಾಲ್ಸ್ ಸೀಲಿಂಗಿಗಿಂತ ಕಡಿಮೆ. ಸೀಲಿಂಗ್ ಮುಂದಿನ ವರ್ಷವೂ ಹಾಕಿಸಬಹುದು, ಕಾಂಕ್ರೀಟ್ ಸುರಿದ ಮೇಲೆ ರಿಂಗು ಬದಲಿಸಲು ಆಗುವುದಿಲ್ಲ. ಗೊಣಗಿದರೆ ಗೊಣಗಲಿ, ಅವನಿಗೊಂದು ಟೀ ಕೊಡಿಸಿ, ಪಕ್ಕದಲ್ಲಿ ನಿಂತು ಒಂದೊಂದು ಕೊಕ್ಕೆಯನ್ನೂ ಒಳಕ್ಕೆ ತಿರುಗಿಸು.